ನಾಟ್ಯಗೃಹದಲ್ಲಿ ಕನ್ನಡದ ಪಾಲು

ಜತ್ತ ತಾಲೂಕಿನ ಒಂದು ಹಳ್ಳಿಯ ಮನೆಯನ್ನು ಊಹಿಸಿಕೊಳ್ಳಬಹುದು. ಹೊಲದಲ್ಲಿ ದಾಳಿಂಬೆ, ಪಡಸಾಲೆಯ ಗೂಟಕ್ಕೆ ತೂಗುಹಾಕಿದ ಭಜನೆಯ ದಮ್ಮಡಿ, ಅಟ್ಟದ ಮೇಲೆ ಹಳೆಯ ಧೋತರದಲ್ಲಿ ಸುತ್ತಿಟ್ಟ ಅಜ್ಜನ ಪೇಟಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಓದುವ ಮಗಳಿಗೆ ಒಂದು ಸುದ್ದಿ ತಿಳಿದಿದೆ: ಬರುವ ಶನಿವಾರ ಮಿರಜಿನ ನಾಟ್ಯಗೃಹದಲ್ಲಿ ರಂಗಗೀತೆಗಳ ಕಚೇರಿ ಇದೆ. ಶಾಲೆಯ ಪ್ರಾರ್ಥನೆಗೆ ದನಿ ಕೂಡಿಸುವ ಹುಡುಗಿ ಅವಳು. ಹೋಗಬೇಕೆಂದು ಹಟ ಹಿಡಿದಿದ್ದಾಳೆ. ಅಪ್ಪ ಒಪ್ಪುವುದಿಲ್ಲ. "ಅದು ಮರಾಠಿ ಮಂದಿ ನಾಟಕ ಮಾಡೂ ಜಾಗಾ. ಅಲ್ಲಿ ನಮ್ಮದೇನೈತಿ?" ಎನ್ನುತ್ತಾನೆ. ಮೂಲೆಯಲ್ಲಿ ಕುಳಿತ ಅಜ್ಜ ಮಾತ್ರ, "ಟಿಕೀಟು ಎಷ್ಟಂತ ಕೇಳು ಮೊದಲ" ಎನ್ನುತ್ತಾನೆ.

ಹೆಸರಿಲ್ಲದ ಈ ಮನೆಯ ಮಾತು ಸೊಲ್ಲಾಪುರದಿಂದ ಅಕ್ಕಲಕೋಟೆಯವರೆಗೆ, ಜತ್ತದಿಂದ ಮಿರಜಿನವರೆಗೆ ಅನೇಕ ಕನ್ನಡ ಮನೆಗಳಲ್ಲಿ ಕೇಳಿಬರತಕ್ಕ ಮಾತೇ ಆಗಿದೆ. ಮಗುವನ್ನು ಕನ್ನಡ ಶಾಲೆಗೆ ಕಳುಹಿಸಿದ ಪಾಲಕರಿಗೆ ಊರಿನ ನಾಟ್ಯಗೃಹವು ನೆರೆಮನೆಯ ಮದುವೆಯ ಹಂದರದಂತೆ ಕಾಣುತ್ತದೆ. ದೀಪ ಕಾಣುತ್ತದೆ, ಹಾಡು ಕೇಳುತ್ತದೆ. ಕರೆಯದೆ ಒಳಗೆ ಹೋಗುವುದು ಹೇಗೆಂಬ ಸಂಕೋಚ ಕಾಲು ಹಿಡಿಯುತ್ತದೆ. ಆದುದರಿಂದ ಅಪ್ಪನ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕದೆ ಪ್ರಶ್ನೆಯಾಗಿಯೇ ಎತ್ತಿಕೊಳ್ಳುವುದು ಯೋಗ್ಯ. ಅಲ್ಲಿ ಕನ್ನಡಿಗರದು ಏನಿದೆ?

ಉತ್ತರವು ಸಾಂಗಲಿಯಿಂದಲೇ ಆರಂಭವಾಗುತ್ತದೆ. 1842ರ ಸುಮಾರಿಗೆ ಉತ್ತರ ಕನ್ನಡದ ಕಡೆಯ ಭಾಗವತ ಮೇಳವೊಂದು ಸಾಂಗಲಿ ಸಂಸ್ಥಾನಕ್ಕೆ ಬಂದು ಆಟವಾಡಿತು. ಅದನ್ನು ಕಂಡ ಅರಸ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲಿಯೂ ಅಂಥದೊಂದು ಆಟ ನಡೆಯಬೇಕೆಂದು ಬಯಸಿ, ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಆ ಕೆಲಸವನ್ನು ಒಪ್ಪಿಸಿದರು. 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ಸಾಂಗಲಿಯಲ್ಲಿ ರಂಗಕ್ಕೇರಿತು. ಇಂದಿಗೂ ಮಹಾರಾಷ್ಟ್ರದಲ್ಲಿ ನವೆಂಬರ್ 5ನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಭಾವೆಯವರ ಆ ನಾಟಕಗಳಲ್ಲಿ ಪದಗಳನ್ನೆಲ್ಲ ಹಾಡುತ್ತಿದ್ದವನು ಸೂತ್ರಧಾರ. ಪಾತ್ರಗಳು ಅವನ ಹಾಡಿಗೆ ತಕ್ಕಂತೆ ಅಭಿನಯಿಸಿ ಮಾತಾಡುತ್ತಿದ್ದವು. ಯಕ್ಷಗಾನದ ಭಾಗವತನನ್ನು ಬಲ್ಲವರಿಗೆ ಈ ಏರ್ಪಾಡು ಎಲ್ಲಿಂದ ಬಂದಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಹೆಜ್ಜೆಯನ್ನಿಟ್ಟವರು ಅಣ್ಣಾಸಾಹೇಬ ಕಿರ್ಲೋಸ್ಕರರು. ಅವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅವರ 'ಸಂಗೀತ ಶಾಕುಂತಲ' ಪ್ರದರ್ಶನಗೊಂಡಾಗ ಪಾತ್ರಧಾರಿಗಳೇ ತಮ್ಮ ತಮ್ಮ ಪದಗಳನ್ನು ಹಾಡಿದರು. ಸಂಗೀತ ನಾಟಕವೆಂಬ ಪ್ರಕಾರ ಅಲ್ಲಿಂದ ಬೇರೂರಿತು. ಕನ್ನಡ ಸೀಮೆಯಲ್ಲಿ ಬೆಳೆದ ಕಿರ್ಲೋಸ್ಕರರು ತಮ್ಮ ಪದಗಳಿಗೆ ಕನ್ನಡ ಹಾಡುಗಳ ಮಟ್ಟುಗಳನ್ನೂ ಬಳಸಿಕೊಂಡರು. ಇತ್ತ ಮರಾಠಿ ಕಂಪನಿಗಳು ಧಾರವಾಡ, ಹುಬ್ಬಳ್ಳಿ, ಗದಗುಗಳಿಗೆ ಬಂದು ಜನರನ್ನು ಸೆಳೆಯುತ್ತಿದ್ದುದನ್ನು ಕಂಡ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಒಂದು ಭಾಷೆಯ ಆಟ ಇನ್ನೊಂದಕ್ಕೆ ಬೀಜವಾಯಿತು. ಆ ಬೆಳೆಯನ್ನು ಕಂಡು ಮೊದಲಿನ ಹೊಲದವರೂ ಮತ್ತೆ ಬಿತ್ತಿದರು.

ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಮರಾಠಿ ರಂಗಭೂಮಿಯ ಹೆಸರಾಂತ 'ಲಲಿತಕಲಾದರ್ಶ' ಮಂಡಳಿಯನ್ನು ಕೇಶವರಾವ ಭೋಸಲೆಯವರು 1908ರಲ್ಲಿ ಸ್ಥಾಪಿಸಿದ್ದು ಹುಬ್ಬಳ್ಳಿಯಲ್ಲಿ. ಧಾರವಾಡ ಜಿಲ್ಲೆಯ ಕುಂದಗೋಳದ ರಾಮಭಾವು ಕುಂದಗೋಳಕರರು ಮರಾಠಿ ನಾಟಕಗಳಲ್ಲಿ ಸ್ತ್ರೀಪಾತ್ರ ವಹಿಸಿ, ಹಾಡಿ, 'ಸವಾಯಿ ಗಂಧರ್ವ'ರೆಂದು ಖ್ಯಾತರಾದರು. ಅವರಿಗೆ ಸಂಗೀತ ಕಲಿಸಿದ ಅಬ್ದುಲ್ ಕರೀಮ್ ಖಾನರು ಉತ್ತರದ ಕೈರಾನಾದಿಂದ ಬಂದು ಮಿರಜಿನಲ್ಲಿ ನೆಲೆಸಿದವರು. ಆ ವಿದ್ಯೆ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರಿಗೆ, ಭೀಮಸೇನ ಜೋಶಿಯವರಿಗೆ ಇಳಿದು ಬಂದಿತು. ಮಲ್ಲಿಕಾರ್ಜುನ ಮನಸೂರರು ಒಂಬತ್ತು ವರ್ಷದ ಬಾಲಕನಾಗಿ ಸೇರಿದ್ದು ವಾಮನರಾವ್ ಮಾಸ್ತರರ ನಾಟಕ ಕಂಪನಿಯನ್ನು. ಅವರ ಹಾಡು ಕೇಳಿ ಮೆಚ್ಚಿ, ಮಿರಜಿಗೆ ಕರೆದೊಯ್ದು ಗ್ವಾಲಿಯರ್ ಘರಾಣೆಯ ಪಾಠ ಹೇಳಿದವರು ನೀಲಕಂಠಬುವಾ ಅವರು. ಮನಸೂರರ ಆತ್ಮಕಥೆ 'ನನ್ನ ರಸಯಾತ್ರೆ'ಯನ್ನು ಓದಿದವರಿಗೆ, ಒಬ್ಬ ಕನ್ನಡ ಹುಡುಗನ ಬಾಳಿನಲ್ಲಿ ನಾಟಕ ಕಂಪನಿಯೂ ಮಿರಜಿನ ಗುರುವೂ ಎಷ್ಟು ದೊಡ್ಡ ಸ್ಥಾನ ಪಡೆದಿದ್ದರೆಂಬುದು ಗೊತ್ತು.

ವೇದಿಕೆಯ ಮೇಲಿನ ತಂಬೂರಿಯೂ ದೂರದ ವಸ್ತುವೇನಲ್ಲ. ಮಿರಜಿನಲ್ಲಿ ತಲೆಮಾರುಗಳಿಂದ ಸಿತಾರ, ತಂಬೂರಿಗಳನ್ನು ಕೈಯಿಂದ ಮಾಡುವ ಕುಟುಂಬಗಳಿವೆ. 2024ರಲ್ಲಿ ಅಲ್ಲಿಯ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ತಂಬೂರಿಯ ಬುಡದ ದೊಡ್ಡ ಬುರುಡೆ ಒಣಗಿಸಿದ ಸೋರೆಕಾಯಿ. ಆ ಜಾತಿಯ ಸೋರೆ ಬೆಳೆಯುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆಯ ಸುತ್ತಿನ ಹೊಲಗಳಲ್ಲಿ. ಬಸವಣ್ಣನವರು ಬಿಜ್ಜಳನ ಬಳಿ ಕಾಯಕದಲ್ಲಿದ್ದ ಮಂಗಳವಾಡವೆಂದು ಮಕ್ಕಳು ಪಾಠದಲ್ಲಿ ಓದುವ ಊರು ಅದೇ. ಆ ಮಣ್ಣಿನ ಕಾಯಿ ಮಿರಜಿನ ಕುಶಲಕರ್ಮಿಯ ಕೈಗೆ ಬಂದು ನಾದದ ಪಾತ್ರೆಯಾಗುತ್ತದೆ. ಏಳನೆಯ ಇಯತ್ತೆಯ ಹುಡುಗಿಗೆ ಇತಿಹಾಸ, ಭೂಗೋಳ, ವಿಜ್ಞಾನ ಮೂರೂ ಪಾಠಗಳು ಒಂದೇ ವಾದ್ಯದಲ್ಲಿ ದೊರೆಯುತ್ತವೆ.

ಅಲ್ಲಿ ಕನ್ನಡದ ಪಾಲು ಇದೆಯೆಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು. ಆದರೆ ಕಾಗದದಲ್ಲಿ ಹೆಸರಿದ್ದ ಮಾತ್ರಕ್ಕೆ ಹೊಲ ಉತ್ತಂತಾಗುವುದಿಲ್ಲ. ಒಳಗೆ ಹೋಗಿ ಕುಳಿತವನಿಗೇ ಅದರ ಫಲ.

ಶನಿವಾರ ಸಂಜೆ ಅಪ್ಪ ಮಗಳು ಎಸ್.ಟಿ. ಬಸ್ಸಿನಿಂದ ಇಳಿದು, ಬಾಲಗಂಧರ್ವರ ಹೆಸರು ಹೊತ್ತ ನಾಟ್ಯಗೃಹದ ಒಳಗೆ ಬಂದಿದ್ದಾರೆಂದು ಭಾವಿಸಬಹುದು. ಆ ಹೆಸರು ಅಲ್ಲಿರುವುದಕ್ಕೆ ಕಾರಣವಿದೆ. ನಾರಾಯಣರಾವ ರಾಜಹಂಸರು, ಮುಂದೆ ನಾಡೆಲ್ಲ ಬಾಲಗಂಧರ್ವರೆಂದು ಕರೆದವರು, 1905ರಲ್ಲಿ ಕಿರ್ಲೋಸ್ಕರ ಮಂಡಳಿಯ ಶಕುಂತಲೆಯಾಗಿ ಮೊದಲು ಬಣ್ಣ ಹಚ್ಚಿದ್ದು ಮಿರಜಿನಲ್ಲಿಯೇ. ಕುರ್ಚಿಗಳು ತುಂಬುತ್ತಿರುವಾಗ ಪರದೆಯ ಹಿಂದಿನಿಂದ ತಂಬೂರಿಯ ದನಿ ಬರುತ್ತದೆ. ಅನೇಕರು ಇದನ್ನು ಕಾರ್ಯಕ್ರಮಕ್ಕೆ ಮುಂಚಿನ ಗಡಿಬಿಡಿಯೆಂದು ತಿಳಿದು ಹರಟೆ ಹೊಡೆಯುತ್ತಾರೆ. ಮಕ್ಕಳಿಗೆ ಹೇಳಬೇಕಾದ ಮೊದಲ ಮಾತೆಂದರೆ, ಕಚೇರಿ ಇಲ್ಲಿಂದಲೇ ಶುರುವಾಗಿದೆ ಎಂಬುದು. ತಂತಿಗೂ ಕುದುರೆಗೂ ನಡುವೆ ಒಂದು ನೂಲಿನ ಎಳೆಯಿರುತ್ತದೆ. ವಾದಕನು ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾನೆ. ಮಂಕಾಗಿದ್ದ ನಾದ ಸರಿಯಾದ ಜಾಗ ಸಿಕ್ಕೊಡನೆ ಜೇನುಹುಳುಗಳ ಗುಂಗಿನಂತೆ ತೆರೆದುಕೊಳ್ಳುತ್ತದೆ. ತಬಲಾದವನು ಸಣ್ಣ ಸುತ್ತಿಗೆಯಿಂದ ಅಂಚನ್ನು ತಟ್ಟಿ ತಟ್ಟಿ ಆ ಷಡ್ಜಕ್ಕೆ ತನ್ನ ವಾದ್ಯವನ್ನು ಹೊಂದಿಸುತ್ತಾನೆ. ಈ ಹೊಂದಾಣಿಕೆಯನ್ನು ಕಣ್ಣಾರೆ ಕಂಡ ಮಗುವಿಗೆ ಶ್ರುತಿಯೆಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ.

ಹಾಡು ಶುರುವಾದ ಮೇಲೆ ಮಗುವಿಗೆ ಒಂದು ಆಟವನ್ನು ಕಲಿಸಿಕೊಡಬಹುದು. ತೀನ್‌ತಾಲದಲ್ಲಿ ಹದಿನಾರು ಮಾತ್ರೆಗಳು. ನಾಲ್ಕು ನಾಲ್ಕರ ನಾಲ್ಕು ಭಾಗ. ಮೊದಲ ಮಾತ್ರೆಗೆ 'ಸಮ್' ಎಂದು ಹೆಸರು. ಒಂಬತ್ತನೆಯದು 'ಖಾಲಿ'; ಅಲ್ಲಿ ತಬಲಾದ ಎಡಗೈಯ ಗಂಭೀರ ದನಿ ಅಡಗುತ್ತದೆ. ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತ ಕುಳಿತರೆ ನಾಲ್ಕಾರು ಸುತ್ತುಗಳಲ್ಲಿ ಅದು ಕೈವಶವಾಗುತ್ತದೆ. ಗಾಯಕನು ಸ್ವರಗಳನ್ನು ಎಲ್ಲೆಲ್ಲಿಗೋ ಒಯ್ದು, ಇನ್ನು ದಾರಿ ತಪ್ಪಿದನೆನ್ನುವಾಗಲೇ ತಾನನ್ನು ತಿರುಗಿಸಿ ಸರಿಯಾಗಿ ಸಮ್ಮಿಗೆ ಬಂದು ನಿಲ್ಲುತ್ತಾನೆ. ಆ ಕ್ಷಣದಲ್ಲಿ ಸಭಾಗೃಹದ ತಲೆಗಳೆಲ್ಲ ಒಟ್ಟಿಗೆ ಅಲ್ಲಾಡುತ್ತವೆ. ಪಕ್ಕದ ಕುರ್ಚಿಯ ಅಪರಿಚಿತ ಮುದುಕನೂ ಕನ್ನಡ ಶಾಲೆಯ ಹುಡುಗಿಯೂ ಒಂದೇ ಗಳಿಗೆಗೆ 'ಆಹಾ' ಎನ್ನುತ್ತಾರೆ. ಆ ಮುದುಕನ ಮನೆಮಾತು ಯಾವುದೆಂದು ಅವಳಿಗೂ, ಅವಳದು ಯಾವುದೆಂದು ಅವನಿಗೂ ಆಗ ಕೇಳಬೇಕೆನಿಸುವುದಿಲ್ಲ.

ಮರಾಠಿ ಪದ ಅರ್ಥವಾದೀತೇ ಎಂಬ ಅಂಜಿಕೆ ಕೆಲವರಿಗೆ ಇದೆ. ಗಡಿಯ ಕನ್ನಡ ಶಾಲೆಯ ಮಕ್ಕಳು ಮರಾಠಿಯನ್ನೂ ಓದುತ್ತಾರೆ. ಪೇಟೆಯಲ್ಲಿ, ಬಸ್ಸಿನಲ್ಲಿ ಕೇಳುತ್ತಾರೆ. ರಂಗಗೀತೆಗಳಲ್ಲಿ ಎರಡೂ ಭಾಷೆಗೆ ಸಮಾನವಾದ ಸಂಸ್ಕೃತ ಶಬ್ದಗಳು ಹೇರಳ. ಇನ್ನು ಅರ್ಥವಾಗದೆ ಉಳಿದ ನಾಲ್ಕು ಶಬ್ದಗಳನ್ನು ಪಕ್ಕದವರನ್ನು ಕೇಳಿ ತಿಳಿದುಕೊಂಡರೆ ಕನ್ನಡಕ್ಕೆ ಕುಂದೇನೂ ಬಾರದು. ಭೀಮಸೇನ ಜೋಶಿಯವರ ಒಂದೇ ಕಂಠ ದಾಸರ ಪದಗಳನ್ನೂ ಮರಾಠಿ ಸಂತರ ಅಭಂಗಗಳನ್ನೂ ಹಾಡಿ ಎರಡೂ ನಾಡುಗಳ ಮನೆಗಳನ್ನು ಮುಟ್ಟಿತು. ಮನಸೂರರು ಶರಣರ ವಚನಗಳನ್ನು ರಾಗದಲ್ಲಿ ಹಾಡಿದರು. ಕಚೇರಿಯ ಕೊನೆಗೆ ಒಂದು ಚೀಟಿ ಬರೆದು, ಒಂದು ವಚನವನ್ನೋ ದಾಸರ ಪದವನ್ನೋ ಹಾಡಬೇಕೆಂದು ವಿನಯದಿಂದ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಬಲ್ಲ ಗಾಯಕರು ಅಂಥ ಚೀಟಿಯನ್ನು ಸಂತೋಷದಿಂದಲೇ ತೆರೆಯುತ್ತಾರೆ. ಆದರೆ ಚೀಟಿ ಕಳುಹಿಸಲು ಮೊದಲು ಅಲ್ಲಿ ಕುಳಿತಿರಬೇಕು.

ಇದೇ ಹಾಡು ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ಬಸ್ಸಿನ ಖರ್ಚೇಕೆ ಎಂಬ ಪ್ರಶ್ನೆಯೂ ಏಳುತ್ತದೆ. ಮೊಬೈಲಿನ ಹಾಡು ಕೇಳುವವನನ್ನು ಅರಿಯದು. ಎಷ್ಟು ಸಲ ಹಚ್ಚಿದರೂ ಅದು ಅಷ್ಟೇ. ರಂಗದ ಹಾಡು ಸಭೆಯನ್ನು ನೋಡಿ ಬೆಳೆಯುತ್ತದೆ. ಬಾಲಗಂಧರ್ವರ ಕಾಲದಲ್ಲಿ ಜನ 'ಒನ್ಸ್ ಮೋರ್' ಎಂದು ಕೂಗಿದರೆ ಪದ ಮತ್ತೆ ಆರಂಭವಾಗುತ್ತಿತ್ತು; ಪ್ರತಿಸಲವೂ ಹೊಸ ತಿರುವು. ಹಿಮ್ಮೇಳದಲ್ಲಿ ಅಹಮದ್‌ಜಾನ್ ಥಿರಕವಾ ಅವರ ತಬಲಾ, ಕಾದರಬಕ್ಷರ ಸಾರಂಗಿ. ನಾಟಕ ಮುಗಿದು ಜನ ಮನೆಗೆ ಹೊರಡುವಾಗ ಬೆಳಕು ಹರಿಯುತ್ತಿದ್ದ ದಿನಗಳಿದ್ದವು. ಕೇಳುಗನ ಮೆಚ್ಚುಗೆಯೂ ಹಾಡಿನ ಒಂದು ಭಾಗವೆಂಬುದನ್ನು ಮಗು ಕಲಿಯುವುದು ಇಂಥಲ್ಲಿ. ತರಗತಿಯಲ್ಲಿ ಗಮನವಿಟ್ಟು ಕುಳಿತುಕೊಳ್ಳುವ ಗುಣಕ್ಕೂ ಇದಕ್ಕೂ ಬಹಳ ದೂರವೇನಿಲ್ಲ.

ಬೆಳಗಿನವರೆಗಿನ ಕಚೇರಿಗಳು ಈಗ ವಿರಳ. ಇದಕ್ಕೆ ಕಾನೂನಿನ ಕಾರಣವೂ ಒಂದಿದೆ. 2000ದಲ್ಲಿ ಜಾರಿಗೆ ಬಂದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಗಳಿಗಾಗಿ ವರ್ಷದಲ್ಲಿ ಒಟ್ಟು 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಮುಚ್ಚಿದ ಸಭಾಗೃಹದೊಳಗೆ, ಅಲ್ಲಿ ಕುಳಿತವರಿಗಷ್ಟೇ ಕೇಳುವಂತೆ ಬಳಸುವುದಕ್ಕೆ ಆ ರಾತ್ರಿಯ ನಿಷೇಧ ಅನ್ವಯಿಸುವುದಿಲ್ಲ. ಸವಾಯಿ ಗಂಧರ್ವರ ನೆನಪಿನಲ್ಲಿ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವವೂ ಒಂದು ಕಾಲಕ್ಕೆ ಇಡೀ ರಾತ್ರಿ ನಡೆಯುತ್ತಿತ್ತು. ಈಗ ಅದೂ ಗಡಿಯಾರಕ್ಕೆ ತಲೆಬಾಗಿದೆ. ಮಲಗಿದ ರೋಗಿ, ಓದುವ ವಿದ್ಯಾರ್ಥಿ ಇವರ ಹಿತಕ್ಕಾಗಿ ಇರುವ ನಿಯಮವನ್ನು ಯಾರೂ ಹಳಿಯುವಂತಿಲ್ಲ. ಆದರೆ ಮಾಲಕಂಸ, ದರಬಾರಿಯಂಥ ರಾಗಗಳಿಗೆ ಸಂಪ್ರದಾಯವು ಗೊತ್ತುಮಾಡಿದ್ದು ನಡುರಾತ್ರಿಯ ಹೊತ್ತನ್ನು. ಬಯಲಿನಲ್ಲಿ ಸಲ್ಲದ ಆ ಹೊತ್ತಿಗೆ ಸಲ್ಲುವ ಸ್ಥಳವಾಗಿ ಉಳಿದಿರುವುದು ನಾಲ್ಕು ಗೋಡೆಯ ನಾಟ್ಯಗೃಹವೇ. ಅದು ಉಳಿಯಬೇಕೆಂಬುದಕ್ಕೆ ಇದೂ ಒಂದು ಕಾರಣ.

ನಾಟ್ಯಗೃಹಗಳು ತಾವಾಗಿ ಉಳಿಯುವುದಿಲ್ಲ. ಮಾತಾಡುವ ಚಿತ್ರಗಳು ಬಂದಾಗ ಕಂಪನಿಗಳು ಒಂದೊಂದಾಗಿ ಮುಳುಗಿದವು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತಯಾರಾದದ್ದೂ ಕೊಲ್ಲಾಪುರದಲ್ಲಿಯೇ ಎಂಬುದು ಈ ಗಡಿನಾಡಿನ ಇನ್ನೊಂದು ನೆನಪು. ಅದೇ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ರಂಗಮಂದಿರ, ಹುಬ್ಬಳ್ಳಿಯಲ್ಲಿ ಮಂಡಳಿ ಕಟ್ಟಿದ ಆ ಕೇಶವರಾವ ಭೋಸಲೆಯವರ ಹೆಸರಿನದು, 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ಮರುದಿನವೇ ಅವರ ಜಯಂತಿ. ಬೆಂಕಿಯಿಂದ ಸುಟ್ಟ ಮಂದಿರಕ್ಕಾಗಿ ಜನ ಅಳುತ್ತಾರೆ, ಮತ್ತೆ ಕಟ್ಟಬೇಕೆಂದು ಒತ್ತಾಯಿಸುತ್ತಾರೆ. ಬರುವವರಿಲ್ಲದೆ ಬರಿದಾದ ಮಂದಿರಕ್ಕಾಗಿ ಅಳುವವರೂ ಇರುವುದಿಲ್ಲ.

ಸಂವಿಧಾನದ 29ನೆಯ ಅನುಚ್ಛೇದವು ತಮ್ಮದೇ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ನಾಗರಿಕರಿಗೆ ಅದನ್ನು ಉಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಕನ್ನಡ ಶಾಲೆ ಆ ಹಕ್ಕಿನ ಒಂದು ರೂಪ. ಆ ಹಕ್ಕನ್ನು ಶಾಲೆಯ ಗೋಡೆಯೊಳಗೆ ಮಾತ್ರ ಇಟ್ಟುಕೊಂಡರೆ ಅದು ಮಗುವಿಗೆ ಬೇಲಿಯಾಗುತ್ತದೆ. ಊರಿನ ನಾಟ್ಯಗೃಹದವರೆಗೆ ಒಯ್ದರೆ ದಾರಿಯಾಗುತ್ತದೆ. ಕೇಳಿ ಬಂದ ಹಾಡನ್ನು ಶಾಲೆಗೆ ತರುವುದಕ್ಕೂ ಅಡ್ಡಿಯಿಲ್ಲ. ಶಾಲೆಯ ಚಟುವಟಿಕೆಯಾಗಿ ಶಿಕ್ಷಕರು, ವಿದ್ಯಾರ್ಥಿಗಳು ಹಾಡಿ ಆಡಿದರೆ, ಕೇಳುವವರು ಶಾಲೆಯವರು, ಪಾಲಕರು ಮತ್ತು ಆ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ಆಗಿದ್ದರೆ, ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಅದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಸ್ನೇಹಸಮ್ಮೇಳನದ ದಿನ ಧ್ವನಿಮುದ್ರಿಕೆ ಹಚ್ಚಿ ಕುಣಿಸುವ ಬದಲು ಒಂದು ಪೇಟಿ, ಒಂದು ತಬಲಾ ಇಟ್ಟು ಮಕ್ಕಳಿಂದಲೇ ರಂಗಗೀತೆ ಹಾಡಿಸಬಹುದು. ಅಲ್ಲೊಂದು ಇಲ್ಲೊಂದು ಸ್ವರ ತಪ್ಪಿದರೂ ಅದು ಅವರ ದನಿ.

ಹೊರಡುವ ಮನೆಗಳು ಕೆಲವು ಸಣ್ಣ ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು. ಕಚೇರಿ ಮುಗಿಯುವ ಹೊತ್ತಿಗೆ ಹಳ್ಳಿಯ ಕಡೆಯ ಬಸ್ಸು ಹೋಗಿಬಿಟ್ಟಿರುತ್ತದೆ. ನಾಲ್ಕು ಮನೆಯವರು ಕೂಡಿ ಒಂದು ವಾಹನ ಗೊತ್ತುಮಾಡಿದರೆ ಖರ್ಚೂ ಹಗುರ, ಹೆಣ್ಣುಮಕ್ಕಳಿಗೂ ನಿಶ್ಚಿಂತೆ. ಇಲ್ಲವೆ ಊರಲ್ಲಿರುವ ಬೀಗರ ಮನೆಯಲ್ಲಿ ಆ ರಾತ್ರಿ ತಂಗಬೇಕು. ಮಕ್ಕಳಿಗೆ ಮೊದಲೇ ಉಣಿಸಿ ಕರೆದೊಯ್ಯಬೇಕು. ಮೊಬೈಲು ಚೀಲದಲ್ಲಿರಲಿ. ಸಣ್ಣ ಮಗು ನಡುವೆ ನಿದ್ದೆ ಹೋದರೆ ಎಬ್ಬಿಸಬೇಕಾಗಿಲ್ಲ. ಅವ್ವನ ತೊಡೆಯ ಮೇಲೆ ಮಲಗಿ ಅರೆನಿದ್ದೆಯಲ್ಲಿ ಕೇಳಿದ ರಾಗವೂ ಎಲ್ಲೋ ಒಳಗೆ ಉಳಿಯುತ್ತದೆ.

ಆ ಹಳ್ಳಿಯ ಮನೆಗೆ ಮರಳಬಹುದು. ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಬಂದು ಕಟ್ಟೆಯ ಮೇಲೆ ಕುಳಿತಿದ್ದಾರೆ. "ಹೆಂಗಿತ್ತವಾ?" ಎಂದು ಅಜ್ಜ ಕೇಳುತ್ತಾನೆ. ಹುಡುಗಿ ಬೆರಳ ಗೆಣ್ಣುಗಳನ್ನು ಎಣಿಸುತ್ತ ಹದಿನಾರು ಮಾತ್ರೆ ಹೇಳಿ, ಮತ್ತೆ ಒಂದಕ್ಕೆ ಬಂದು ತಲೆಯಾಡಿಸುತ್ತಾಳೆ. ಪೇಟಿ ಇಳಿಸಿಕೊಡೆಂದು ಅಜ್ಜನಿಗೆ ಗಂಟುಬೀಳುತ್ತಾಳೆ. "ಅದರ ಗಾಳಿ ಸೋರತೈತಿ, ಸ್ವರಾ ಹೊಂಡೂದಿಲ್ಲ" ಎನ್ನುತ್ತಾನೆ ಅಜ್ಜ.

ಅಪ್ಪ ನಿಚ್ಚಣಿಕೆ ತಂದು ಅಟ್ಟಕ್ಕೆ ಹಚ್ಚುತ್ತಾನೆ. "ಸೋಮಾರ ಮಿರಜಿಗಿ ಒಯ್ತೀನಿ," ಎನ್ನುತ್ತಾನೆ. "ದುರಸ್ತಿ ಮಾಡೂ ಮಂದಿ ಅದಾರಲ್ಲಿ."